ಗುರುವಾರದ ಸೌಟು

ತನ್ವಿ ಚರ್ಚಿನ ಅಡುಗೆಮನೆಯಲ್ಲಿ ಮಂಡಿಯೂರಿ ಕೂತು, ಕೆಳಗಿನ ಕಪಾಟಿನೊಳಗೆ ತಲೆ ತೂರಿಸಿ, ಪಾತ್ರೆಗಳನ್ನು ಒಂದೊಂದಾಗಿ ಹೊರಗೆಳೆದು ನೆಲದ ಮೇಲೆ ಪೇರಿಸುತ್ತಿದ್ದಳು. ಈ ದಿನಕ್ಕೆಂದೇ ಕೊಂಡ ಕಪ್ಪು ಕೋಟಿನ ತೋಳಿಗೆ ಹಿಟ್ಟು ಮೆತ್ತಿತ್ತು. ಹೊರಗೆ, ಇಂಗ್ಲೆಂಡಿನ ಲೀಡ್ಸ್ ನಗರದ ಹೆಡಿಂಗ್ಲೀ ಬಡಾವಣೆಯ ಆ ಕೆಂಪು ಇಟ್ಟಿಗೆಯ ಲುಥರನ್ ಚರ್ಚಿನ ಮುಂದೆ, ಅವಳ ಅಮ್ಮನ ಶವಪೆಟ್ಟಿಗೆಯನ್ನು ತಂದ ಉದ್ದನೆಯ ಕಾರು ಆಗಲೇ ಬಂದು ನಿಂತಿತ್ತು.

“ಎಂತ ಹುಡುಕ್ತಾ ಇದ್ದೀ ಮಗಾ? ಅಲ್ಲಿ ಎಲ್ಲರೂ ನಿನ್ನನ್ನು ಹುಡುಕ್ತಾ ಇದ್ದಾರೆ.”

ಬಾಗಿಲಲ್ಲಿ ವಾಸಂತಿ ನಿಂತಿದ್ದಳು. ಉಡುಪಿಯ ಕಡೆಯವಳು, ತೀರಿಕೊಂಡ ಜಯಶೀಲಾಳ ಗೆಳತಿ. ಈ ಚರ್ಚಿನ ಪ್ರಾರ್ಥನೆಗೆ ಅವಳು ಒಮ್ಮೆಯೂ ಕೂತವಳಲ್ಲ, ಅವಳ ದೇವರು ಬೇರೆ. ಆದರೆ ಈ ಅಡುಗೆಮನೆಯಲ್ಲಿ ಜಯಶೀಲಾಳ ಜೊತೆ ಅವಳು ಹೆಚ್ಚಿದ ಈರುಳ್ಳಿಗೆ ಲೆಕ್ಕವಿಲ್ಲ. ಜಯಶೀಲಾ ನನ್ನನ್ನು ಚರ್ಚಿಗೆ ಸೇರಿಸಲಿಲ್ಲ, ಒಲೆಗೆ ಸೇರಿಸಿದಳು ಎಂದು ಅವಳೇ ನಗುತ್ತಿದ್ದಳು.

“ಸೌಟು ಆಂಟಿ. ಅಮ್ಮನ ಸೌಟು. ವೇರ್ ಈಸ್ ಇಟ್?”

“ಗೆರಟೆ ಸೌಟಾ?”

“ಅದೇ. ಮನೆಯಲ್ಲೂ ಇಲ್ಲ, ಇಲ್ಲೂ ಇಲ್ಲ. ಪೆಟ್ಟಿಗೆ ಮುಚ್ಚೋ ಮೊದಲು ಅದನ್ನ ಅಮ್ಮನ ಕೈಯಲ್ಲಿ ಇಡಬೇಕು.”

ತೆಂಗಿನ ಗೆರಟೆಗೆ ಬಿದಿರಿನ ಉದ್ದ ಹಿಡಿ ಸಿಕ್ಕಿಸಿದ ಸೌಟು ಅದು. ನರ್ಸ್ ಕೆಲಸಕ್ಕೆಂದು ಉಡುಪಿಯಿಂದ ಲೀಡ್ಸಿಗೆ ಬಂದಾಗ ಜಯಶೀಲಾ ಅದನ್ನು ಸೂಟ್‌ಕೇಸಿನಲ್ಲಿ ನೆಟ್ಟಗೆ ಹಿಡಿಸದೆ ಓರೆಯಾಗಿ ಇಟ್ಟು ತಂದಿದ್ದಳು. ಹಿಡಿಯ ತುದಿಗೆ, ಈ ಅಡುಗೆಮನೆಗೆ ತಾಗಿದ ಸಭೆಯ ಹಾಲ್‌ನ ಹಿಂಬಾಗಿಲ ಕೀಲಿಯನ್ನು ದಾರದಿಂದ ಕಟ್ಟಿತ್ತು. ಪ್ರತಿ ಗುರುವಾರ ಮಧ್ಯಾಹ್ನ ಈ ಹಾಲಿನಲ್ಲಿ ಯಾರು ಬಂದರೂ ಊಟ. ಬಡಿಸುತ್ತಿದ್ದುದು ಅದೇ ಸೌಟಿನಲ್ಲಿ. ಹೋದ ಗುರುವಾರವೂ ಬಡಿಸಿ, ಮನೆಗೆ ಹೋಗಿ ಮಲಗಿದ ಜಯಶೀಲಾ ಶುಕ್ರವಾರ ಏಳಲಿಲ್ಲ. ಎದೆಯ ತೊಂದರೆ ಮೊದಲೇ ಇತ್ತು. ಸ್ಮಶಾನದವರು ಕೊಟ್ಟ ದಿನ ಮತ್ತೆ ಗುರುವಾರವೇ ಆಯಿತು.

ಚರ್ಚಿನ ಕಮಿಟಿಯಲ್ಲಿ ಉಳಿದವರು ನಾಲ್ಕೈದು ಮಂದಿ ಮುದುಕರು. ಜಯಶೀಲಾ ಇಲ್ಲದೆ ಇದನ್ನು ಯಾರು ನಡೆಸುತ್ತಾರೆ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ, ಅವಳ ಜೊತೆಗೇ ಇದನ್ನೂ ಗೌರವದಿಂದ ಮುಗಿಸೋಣ ಎಂದರು. ಮಗಳನ್ನು ಕೇಳಿದರು. ಲೆಮಿಂಗ್ಟನ್ ಸ್ಪಾ ಎಂಬ ದೂರದ ಊರಿನಲ್ಲಿ ವಿಡಿಯೋ ಗೇಮ್ ಮಾಡುವ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ ತನ್ವಿ ಫೋನಿನಲ್ಲೇ ಒಪ್ಪಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಸಮಾಧಾನವೇ ಆಯಿತು. ಹುಟ್ಟಿದಾಗಿನಿಂದ ಗುರುವಾರಗಳಲ್ಲಿ ಅಮ್ಮ ಊರಿನವರ ಪಾಲಾಗಿದ್ದಳು. ಈ ಒಂದು ಗುರುವಾರವಾದರೂ ಅವಳು ನನ್ನವಳಾಗಿರಲಿ ಎಂಬುದು ತನ್ವಿಯ ಆಸೆ. ಬೆಳಿಗ್ಗೆ ಬಂದವಳೇ ಬಾಗಿಲಿಗೆ ಚೀಟಿ ಅಂಟಿಸಿದ್ದಳು. ‘ಗುರುವಾರದ ಊಟ ಇನ್ನು ಮುಂದೆ ಇರುವುದಿಲ್ಲ.’

“ಸೌಟು ಕಾಲಿನ್ ಹತ್ರ ಉಂಟು,” ಎಂದಳು ವಾಸಂತಿ. “ಹೋದ ವಾರ ಅವನಿಗೆ ಕೊಟ್ಟಳು.”

“ಯಾರು ಕಾಲಿನ್? ಮನೆ ಎಲ್ಲಿ?”

“ಮನೆಯಾ? ಮನೆ ಇಲ್ಲದವರ ಹಾಸ್ಟೆಲಲ್ಲಿ ಮಲಗ್ತಾನೆ ಅಂತ ಕಾಣ್ತದೆ. ಕೆಲವು ದಿನ ಅದೂ ಇಲ್ಲ.”

“ಫೋನ್?”

“ಅದೆಲ್ಲ ಕೇಳೋ ಹಾಗಿಲ್ಲ ಮಾರಾಯ್ತಿ. ನಿನ್ನ ಅಮ್ಮನ ಕಾನೂನು ನಿನಗೆ ಗೊತ್ತಿಲ್ವಾ?”

“ಸೋ ಇಟ್ಸ್ ಗಾನ್,” ಎಂದು ತನ್ವಿ ನೆಲದ ಮೇಲೇ ಕೂತುಬಿಟ್ಟಳು. “ವಿಳಾಸ ಇಲ್ಲದ ಮನುಷ್ಯನ ಕೈಗೆ ಕೊಟ್ಟಿದ್ದಾಳೆ. ನಿಮಗೆ ಕೊಟ್ಟಿದ್ರೆ ಈಗ ಸಿಗ್ತಿತ್ತು.”

“ನನಗಾ! ಇಷ್ಟು ವರ್ಷ ಇಲ್ಲಿ ಬೆವರು ಸುರಿಸಿದ್ದೇನೆ. ಒಂದೇ ಒಂದು ವಾರ ನನ್ನ ಮನೆಗೆ ಆ ಸೌಟು ಕೊಟ್ಟು ಕಳಿಸಿದವಳಲ್ಲ. ಕೇಳಿದ್ರೆ, ನಿನಗೆ ಯಾಕೆ ಅಂತ ನಗ್ತಿದ್ದಳು.” ಹಾಗೆ ಹೇಳುತ್ತಲೇ ವಾಸಂತಿಯ ಕಣ್ಣು ತುಂಬಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ತನ್ವಿಯ ತೋಳಿನ ಹಿಟ್ಟು ಕೊಡವತೊಡಗಿದಳು.

ಅಷ್ಟರಲ್ಲಿ ವಾಸಂತಿಯ ಗಂಡ ಹರಿಶ್ಚಂದ್ರ ಒಳಗೆ ಇಣುಕಿದ. ಲೆಸ್ಟರಿನಿಂದ ದಿನಸಿ ತರಿಸಿ ಉತ್ತರದ ಊರುಗಳಿಗೆಲ್ಲ ಮಾರುವ ವ್ಯಾಪಾರಿ ಅವನು.

“ಪಾಸ್ಟರ್ ಕರೀತಿದ್ದಾರೆ. ಒಮ್ಮೆ ಹೊರಗೆ ಬಂದು ನೋಡಿ. ಎಂತ ಜನ!”

ಜೇಬಿನಿಂದ ಕರವಸ್ತ್ರ ತೆಗೆಯುವಾಗ ಅದರ ಜೊತೆ ನಾಲ್ಕು ಕಾಳು ಕೆಂಪು ಕುಚ್ಚಲಕ್ಕಿ ನೆಲಕ್ಕೆ ಉದುರಿದವು. ವಾಸಂತಿ ಅಕ್ಕಿಯನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು. ಕೇಳಲು ಹೊತ್ತಿರಲಿಲ್ಲ.

*

ಜಯಶೀಲಾ ಸಾಲಿನ್ಸ್ ಲೀಡ್ಸಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಭಾನುವಾರ, ಆಸ್ಪತ್ರೆಯ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಳು. ಆಗ ಈ ಚರ್ಚಿನ ಕಿಟಕಿಯಿಂದ ಅವಳ ಅಜ್ಜಿಯ ಹಾಡು ಕೇಳಿಸಿತು.

ಮಾತು ಅವಳಿಗೆ ತಿಳಿಯಲಿಲ್ಲ. ರಾಗ ಮಾತ್ರ ಅದೇ. ಉಡುಪಿಯ ಮನೆಯಲ್ಲಿ ಅಜ್ಜಿ ಅಕ್ಕಿ ರುಬ್ಬುತ್ತಾ ಕನ್ನಡದಲ್ಲಿ ಹಾಡುತ್ತಿದ್ದ ಕೀರ್ತನೆ. ಅದು ಉಡುಪಿಯಲ್ಲೇ, ಬಹುಶಃ ಅಜ್ಜಿಯೇ ಕಟ್ಟಿದ್ದು ಎಂದು ಜಯಶೀಲಾ ಚಿಕ್ಕಂದಿನಲ್ಲಿ ನಂಬಿದ್ದಳು. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಹಂಚಿನ ಕಾರ್ಖಾನೆ, ಅಚ್ಚಿನ ಮೊಳೆಗಳ ಜೊತೆಗೆ ತಮ್ಮ ಊರಿನ ರಾಗಗಳನ್ನೂ ಕರಾವಳಿಗೆ ತಂದಿದ್ದರು ಎಂಬುದು ಅವಳಿಗೆ ಹೊಳೆದದ್ದು ಆ ಬಸ್ ಸ್ಟಾಪಿನಲ್ಲಿ. ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ. ಒಳಗೆ ಹೋಗಿ ಕೊನೆಯ ಬೆಂಚಿನ ಪಕ್ಕ ನಿಂತು ಗಂಟಲು ಬಿಟ್ಟು ಕನ್ನಡದಲ್ಲಿ ಹಾಡಿದಳು.

ಯಾರೂ ತಿರುಗಿ ನೋಡಲಿಲ್ಲ. ಅಲ್ಲಿದ್ದವರು ಯುದ್ಧ ಮುಗಿದ ಮೇಲೆ ಉಣ್ಣೆಯ ಗಿರಣಿಗಳಿಗೆ ಕೆಲಸಕ್ಕೆ ಬಂದ ಲಾಟ್ವಿಯಾದವರು, ಎಸ್ಟೋನಿಯಾದವರು, ಜರ್ಮನರು. ರಾಗ ಒಂದೇ ಆಗಿದ್ದರೆ ಸಾಕು, ಮಾತು ಅವರವರದು ಎಂಬುದು ಅವರಲ್ಲಿ ಮೊದಲೇ ರೂಢಿಯಾಗಿತ್ತು.

ಅವರಲ್ಲೊಬ್ಬ ಯಾನಿಸ್. ಗಿರಣಿಯ ಸದ್ದಿಗೆ ಕಿವಿ ಮಂದವಾದ ಒಂಟಿ ಮುದುಕ. ಮನೆಯಲ್ಲಿ ಬೆಂಕಿ ಹಾಕಲು ಕಲ್ಲಿದ್ದಲಿಲ್ಲದೆ ಈ ಹಾಲಿನಲ್ಲಿ ಬಂದು ಕೂರುತ್ತಿದ್ದ. ಜಯಶೀಲಾಳಿಗೆ ವಾರದ ರಜೆ ಗುರುವಾರ. ಒಂದು ಗುರುವಾರ ಅವಳು ಇಲ್ಲೇ ಗಂಜಿ ಬೇಯಿಸಿ ಅವನ ಮುಂದೆ ಬಟ್ಟಲು ಇಟ್ಟಳು. ಅವನು ಬಟ್ಟಲನ್ನು ಎರಡೂ ಕೈಯಿಂದ ಆಚೆ ತಳ್ಳಿದ.

“ನಾನು ಭಿಕ್ಷುಕನಲ್ಲ.”

“ಭಿಕ್ಷೆ ಅಂತ ಯಾರು ಹೇಳಿದ್ದು? ಇವತ್ತು ನಾನು ಬಡಿಸ್ತೇನೆ. ಬರುವ ಗುರುವಾರ ನೀವು ಬಡಿಸಿ.”

ಅವನು ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡು ಉಂಡ. ಉಂಡು ಟೋಪಿ ಹಾಕಿಕೊಂಡು ಎದ್ದಾಗ, ಈ ಮನುಷ್ಯ ನಾಚಿಕೆಯಿಂದ ಇನ್ನು ಇತ್ತ ತಲೆ ಹಾಕುವುದಿಲ್ಲ ಎಂದು ಜಯಶೀಲಾಳಿಗೆ ಅನಿಸಿತು. ತೊಳೆದಿಟ್ಟ ಸೌಟನ್ನು ಅವನ ಕೈಗೆ ತುರುಕಿದಳು.

“ನನ್ನ ಅಜ್ಜಿಯದ್ದು. ಕಳೆದರೆ ಊರಿಗೆ ಹೋದಾಗ ನನ್ನ ಚರ್ಮ ಸುಲೀತಾರೆ. ಮುಂದಿನ ಗುರುವಾರ ತರಲೇಬೇಕು.”

ಯಾನಿಸ್ ಮುಂದಿನ ಗುರುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೌಟನ್ನು ಪೇಪರಿನಲ್ಲಿ ಸುತ್ತಿಕೊಂಡು, ಅವಳಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ. ಜೊತೆಗೆ ತನ್ನಂಥ ಇನ್ನಿಬ್ಬರನ್ನು ಕರೆತಂದಿದ್ದ. ಅಲ್ಲಿಂದ ನಿಯಮ ತಾನಾಗಿ ಹುಟ್ಟಿತು. ಈ ವಾರ ಉಂಡವರು ಬರುವ ವಾರ ಅಡುಗೆಗೆ ನಿಲ್ಲಬೇಕು. ಹೆಸರು, ಕಾರಣ ಕೇಳುವ ಹಾಗಿಲ್ಲ. ಸೌಟು ಮತ್ತು ಕೀಲಿ ಒಬ್ಬರ ಮನೆಗೆ ಹೋಗುತ್ತವೆ, ಯಾರಿಗೆ ಎಂಬುದನ್ನು ಜಯಶೀಲಾ ನಿರ್ಧರಿಸುತ್ತಾಳೆ. ಗಿರಣಿ ಮುದುಕರು ಒಬ್ಬೊಬ್ಬರಾಗಿ ಮಣ್ಣು ಸೇರಿದರು. ಅವರ ಜಾಗಕ್ಕೆ ಕೆಲಸ ಹೋದ ಡ್ರೈವರುಗಳು, ಇರಾನಿನಿಂದ ಓಡಿಬಂದವರು, ಎರಿಟ್ರಿಯಾದ ತಾಯಂದಿರು, ತಿಂಗಳ ಕೊನೆಗೆ ಕೈ ಖಾಲಿಯಾದ ವಿದ್ಯಾರ್ಥಿಗಳು ಬಂದರು. ದಾನ ಎಂಬ ಮಾತನ್ನು ಆ ಅಡುಗೆಮನೆಯಲ್ಲಿ ಯಾರೂ ಆಡಲಿಲ್ಲ.

*

ಚರ್ಚಿನಲ್ಲಿ ಕೂರಲು ಜಾಗವಿರಲಿಲ್ಲ. ಅಷ್ಟು ಜನ ಬರುತ್ತಾರೆಂದು ಪಾಸ್ಟರ್ ಇಲ್ಜೆಯೂ ಎಣಿಸಿರಲಿಲ್ಲ. ಅವಳೂ ಲಾಟ್ವಿಯಾದಿಂದ ಬಂದವರ ಮೊಮ್ಮಗಳು. ಭಾನುವಾರದ ಖಾಲಿ ಬೆಂಚುಗಳಿಗೆ ಉಪದೇಶ ಮಾಡಿ ಅಭ್ಯಾಸವಾದ ಅವಳು ಒಮ್ಮೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ತನ್ವಿ ಮುಂದಿನ ಬೆಂಚಿನಲ್ಲಿ ಕೂತು ಅಮ್ಮನ ಬರಿಗೈ ನೋಡುತ್ತಿದ್ದಳು. ಬಾಗಿಲು ತೆರೆದಾಗಲೆಲ್ಲ ತಿರುಗುತ್ತಿದ್ದಳು. ವಾಸಂತಿಯೂ ಕತ್ತು ಉದ್ದ ಮಾಡಿ ಹುಡುಕುತ್ತಿದ್ದಳು.

“ಬಂದನಾ ಆಂಟಿ?”

“ಇಲ್ಲ. ಹೋದ ವಾರ ಉಂಡವರಲ್ಲಿ ಒಬ್ಬರೂ ಕಾಣ್ತಾ ಇಲ್ಲ,” ಎಂದಳು ವಾಸಂತಿ. ಅವಳ ದನಿಯಲ್ಲೂ ಬೇಸರವಿತ್ತು. ಇಷ್ಟು ವರ್ಷ ಅವರ ಪರವಾಗಿ ವಾದ ಮಾಡಿದವಳು ಈ ಒಂದು ದಿನ ಸೋತಳು.

ಪೆಟ್ಟಿಗೆ ಮುಚ್ಚುವ ಹೊತ್ತಾಯಿತು. ಕೆಲಸದವರು ತನ್ವಿಯ ಮುಖ ನೋಡಿದರು. ಅವಳು ಇನ್ನೊಂದು ನಿಮಿಷ ಎಂದಳು. ಆ ನಿಮಿಷವೂ ಮುಗಿಯಿತು. ಸೌಟಿಲ್ಲದೆಯೇ ಪೆಟ್ಟಿಗೆ ಮುಚ್ಚಿದರು. ತನ್ವಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಊರಿಗೆಲ್ಲ ಬಡಿಸಿದ್ದಕ್ಕೆ ಕೊನೆಗೆ ಇಷ್ಟೇನಾ ಎಂದು ಅವಳಿಗೆ ಅನಿಸಿತು.

ಆಗ ಆರ್ಗನ್ ಶುರುವಾಯಿತು. ಅದೇ ರಾಗ. ಉಳಿದಿದ್ದ ಇಬ್ಬರು ಲಾಟ್ವಿಯಾದ ಅಜ್ಜಿಯರು ತಮ್ಮ ಭಾಷೆಯಲ್ಲಿ ಎತ್ತಿಕೊಂಡರು, ಪಾಸ್ಟರ್ ಇಂಗ್ಲಿಷಿನಲ್ಲಿ. ಮಧ್ಯದ ಸಾಲಿನಿಂದ ಯಾರೋ ಜರ್ಮನಿನಲ್ಲಿ ಹಾಡಿದರು. ಕನ್ನಡದ ದನಿಯೊಂದು ಮಾತ್ರ ಇರಲಿಲ್ಲ. ಮೊದಲ ಚರಣ ಮುಗಿಯುವ ಹೊತ್ತಿಗೆ ವಾಸಂತಿ, ಈ ಚರ್ಚಿನಲ್ಲಿ ಎಂದೂ ಬಾಯಿ ತೆರೆಯದ ವಾಸಂತಿ, ಎದ್ದು ನಿಂತು ಹಾಡತೊಡಗಿದಳು. ಗಂಜಿ ಕಲಕುತ್ತಾ ಜಯಶೀಲಾ ಹಾಡುತ್ತಿದ್ದುದನ್ನು ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಶ್ರುತಿ ಒಂದು ಕಡೆ, ಅವಳು ಒಂದು ಕಡೆ. ಯಾರಿಗೂ ಅದರ ಚಿಂತೆ ಇರಲಿಲ್ಲ.

ಸ್ಮಶಾನ ದೂರವಿರಲಿಲ್ಲ, ಆಟ್ಲಿ ರಸ್ತೆಯುದ್ದಕ್ಕೂ ನಡೆದರು. ಮುಂದೆ ಕಮಿಟಿಯ ಹಿರಿಯನೊಬ್ಬ ಮರದ ಶಿಲುಬೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಎತ್ತಿ ಹಿಡಿದಿದ್ದ. ಅವನ ಹಿಂದೆ ಕಾರು, ಕಾರಿನ ಹಿಂದೆ ಜನ. ಅವರ ಹಿಂದೆ ಎರಡು ಡಬಲ್ ಡೆಕ್ಕರ್ ಬಸ್ಸುಗಳು ಹಾರ್ನ್ ಮಾಡದೆ ನಡಿಗೆಯ ವೇಗದಲ್ಲಿ ಬಂದವು. ಫೆಬ್ರವರಿಯ ಗಾಳಿ ಮುಖ ಕೊರೆಯುತ್ತಿತ್ತು.

“ಇಷ್ಟ ಮಂದಿ ಎಲ್ಲಿಂದ ಬಂದಾರ್ರೀ ಆಂಟಿ?” ಎಂದು ಕೇಳಿದವಳು ಇಂಚರಾ. ಧಾರವಾಡದಿಂದ ಓದಲು ಬಂದು, ಹೆಡಿಂಗ್ಲೀಯಲ್ಲೇ ಕೆಲಸ ಹಿಡಿದು ಉಳಿದವಳು.

“ಎಲ್ಲಿಂದ ಅಂದ್ರೆ? ಹಿಂದೆಲ್ಲ ಉಂಡವರು. ನೀನು ಬರಲಿಲ್ವಾ, ಹಾಗೆ.”

“ನನಗೂ ಒಮ್ಮೆ ಸೌಟು ಕೊಟ್ಟಿದ್ರು ರೀ,” ಎಂದಳು ಇಂಚರಾ, ತನ್ವಿಯ ಕಡೆ ತಿರುಗಿ. “ಮೊದಲ ವರ್ಷ ಪರೀಕ್ಷಾದಾಗ ಫೇಲ್ ಆಗಿದ್ದೆ. ಯಾರಿಗೂ ಹೇಳದನ ಊರಿಗೆ ಹೋಗಿಬಿಡಬೇಕಂತ ಟಿಕೆಟ್ ನೋಡಾಕತ್ತಿದ್ದೆ. ನಿಮ್ಮ ಅಮ್ಮಾರು ಏನೂ ಕೇಳಲಿಲ್ಲ. ಸೌಟು ಕೊಟ್ರು. ಇದನ್ನ ವಾಪಸ್ ಕೊಟ್ಟ ಹೋಗೋಣಂತ ಒಂದು ವಾರ ನಿಂತೆ. ಮುಂದ ಕೋರ್ಸ ಮುಗೀತು ನೋಡ್ರಿ.”

ತನ್ವಿ ಕೋಟಿನ ಕಾಲರ್ ಎತ್ತಿಕೊಂಡು ನಡೆದಳು.

ಗುಂಡಿಯ ಬಳಿ ಪಾಸ್ಟರ್ ಪ್ರಾರ್ಥಿಸಿದಳು. ಜನ ಸಾಲಾಗಿ ಬಂದು ಹಿಡಿ ಮಣ್ಣು ಹಾಕಿದರು. ಅವರಲ್ಲಿ ರೈಲ್ವೆಯ ಸಮವಸ್ತ್ರ ತೊಟ್ಟ ದಪ್ಪನೆಯ ಹೆಂಗಸೊಬ್ಬಳು ಮಣ್ಣು ಹಾಕಿ, ತನ್ವಿಯ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, “ಶಿಫ್ಟ್ ಇದೆ, ಹೋಗಬೇಕು” ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿ ಬಿರಬಿರನೆ ನಡೆದಳು. ಅವಳು ಯಾರೆಂದು ತನ್ವಿಗೆ ಗೊತ್ತಿರಲಿಲ್ಲ. ಸಾಲಿನಲ್ಲಿ ಬಂದ ಯಾರ ಗುರುತೂ ಅವಳಿಗಿರಲಿಲ್ಲ.

*

ಅದೂ ಒಂದು ಗುರುವಾರ. ತನ್ವಿಗೆ ಆಗ ಹನ್ನೊಂದು ವರ್ಷ. ಲೀಡ್ಸಿನ ಶಾಲೆಗಳೆಲ್ಲ ಸೇರಿ ಟೌನ್ ಹಾಲಿನಲ್ಲಿ ಸಂಜೆ ಸಂಗೀತದ ಕಾರ್ಯಕ್ರಮ ಇಟ್ಟಿದ್ದವು. ವಯಲಿನ್ ನುಡಿಸುವವರಲ್ಲಿ ಅವಳೂ ಒಬ್ಬಳು. “ಊಟ ಬೇಗ ಮುಗಿಸಿ ಬರ್ತೇನೆ ಮಗಾ, ಖಂಡಿತ” ಎಂದು ಅಮ್ಮ ಹೇಳಿದ್ದಳು.

ಆಗಿನ್ನೂ ಬದುಕಿದ್ದ ಅಪ್ಪ ವೇದಿಕೆಯಿಂದ ಕಂಡ. ಪಕ್ಕದ ಕುರ್ಚಿ ಖಾಲಿ. ಅದರ ಮೇಲೆ ಅಪ್ಪ ತನ್ನ ಕೋಟನ್ನು ಇಟ್ಟಿದ್ದ, ಬೇರೆ ಯಾರೂ ಕೂರದಿರಲಿ ಎಂದು. ತನ್ವಿ ಬಿಲ್ಲನ್ನು ಎಳೆಯುತ್ತಾ ಆ ಕೋಟನ್ನೇ ನೋಡಿದಳು. ಕಾರ್ಯಕ್ರಮ ಮುಗಿದು ಜನ ಹೊರಗೆ ಹೋಗುವಾಗ ಅಮ್ಮ ಮೆಟ್ಟಿಲು ಹತ್ತಿ ಓಡಿಬಂದಳು. ಕೈಯಲ್ಲಿ ಸ್ಟೀಲಿನ ಟಿಫಿನ್ ಕ್ಯಾರಿಯರ್ ಇತ್ತು.

“ತಡ ಆಯ್ತು ಮಗಾ.”

ಯಾಕೆ ಎಂದು ಹೇಳಲಿಲ್ಲ. ಅಂದಿನಿಂದ ತನ್ವಿ ವಯಲಿನ್ ಮುಟ್ಟಲಿಲ್ಲ, ಗುರುವಾರದ ಊಟಕ್ಕೂ ಬರಲಿಲ್ಲ. ಕರೆದುಕೊಂಡು ಬಂದರೆ ಕಾರಿನಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಹಾಲಿನ ಕಿಟಕಿಯಲ್ಲಿ ನಗು ಕೇಳಿಸಿದರೆ ಗಾಜು ಏರಿಸುತ್ತಿದ್ದಳು.

*

ಮಣ್ಣು ಮುಗಿದ ಮೇಲೆ ಹೋಗಲು ತನ್ವಿ ಪಬ್ಬೊಂದರ ಮಹಡಿಯ ಕೋಣೆ ಹಿಡಿದಿದ್ದಳು. ನಾಲ್ಕು ಜನ ಬಂದರೆ ಚಹಾ, ಸ್ಯಾಂಡ್‌ವಿಚ್. ಈಗ ಈ ಗುಂಪನ್ನು ಎಲ್ಲಿ ತುಂಬಿಸುವುದು? ಜನ ಚಳಿಗೆ ಕಾಲು ಬದಲಿಸುತ್ತಾ ನಿಂತಿದ್ದರು, ಯಾರಿಗೂ ಹೋಗುವ ಮನಸ್ಸಿದ್ದಂತಿರಲಿಲ್ಲ.

“ಹಾಲಿಗೇ ಹೋಗುವಾ,” ಎಂದ ಹರಿಶ್ಚಂದ್ರ.

“ಹಾಲಿನಲ್ಲಿ ಎಂತ ಉಂಟು? ಒಲೆ ಹಚ್ಚಿಲ್ಲ,” ಎಂದಳು ವಾಸಂತಿ.

“ಹೋಗುವಾ ಅಂದೆ ಅಲ್ವಾ.” ಅವನು ಹೆಂಡತಿಯ ಕಡೆ ನೋಡದೆ ಮುಂದೆ ನಡೆದ.

ಚರ್ಚಿನ ತಿರುವಿನಲ್ಲೇ ಪರಿಮಳ ಬಂತು. ಕುಚ್ಚಲಕ್ಕಿ ಬೇಯುವ ಪರಿಮಳ. ತನ್ವಿಗೆ ಒಂದು ಕ್ಷಣ ಅಮ್ಮ ಒಳಗಿದ್ದಾಳೆ ಎಂದೇ ಅನಿಸಿತು. ಆಮೇಲೆ ನೆತ್ತಿಗೇರಿತು ಸಿಟ್ಟು. ಎಲ್ಲರನ್ನೂ ದಾಟಿ ಓಡಿದಳು. ಹಿಂಬಾಗಿಲು ತೆರೆದಿತ್ತು. ಹಾಲಿನಲ್ಲಿ ಮೇಜುಗಳನ್ನು ಉದ್ದಕ್ಕೆ ಜೋಡಿಸಿ ಬಟ್ಟಲುಗಳನ್ನು ಇಟ್ಟಿದ್ದರು. ಅಡುಗೆಮನೆಯಲ್ಲಿ ಇಬ್ಬರು ಎರಿಟ್ರಿಯಾದ ಹೆಂಗಸರು ಚಟ್ನಿ ಕಲಸುತ್ತಿದ್ದರು. ಒಬ್ಬ ಇರಾನಿ ಪಾತ್ರೆ ಒರೆಸುತ್ತಿದ್ದ. ದೊಡ್ಡ ಹಂಡೆಯ ಮುಂದೆ, ಜಯಶೀಲಾಳ ಹೂವಿನ ಏಪ್ರನ್ ಹೊಟ್ಟೆಗೆ ಸಾಲದೆ ಬಿಗಿದುಕೊಂಡು, ಆರಡಿ ಎತ್ತರದ ಬಿಳಿಯ ಮುದುಕನೊಬ್ಬ ನಿಂತಿದ್ದ. ಅವನ ಕೈಯಲ್ಲಿ ಗೆರಟೆಯ ಸೌಟು ಇತ್ತು.

“ನೀನಾ ಕಾಲಿನ್?” ತನ್ವಿ ಇಂಗ್ಲಿಷಿನಲ್ಲಿ ಕೂಗಿದಳು. “ಇದನ್ನು ಮುಚ್ಚಿ ಆಗಿದೆ. ಬಾಗಿಲ ಮೇಲೆ ಬರೆದಿದೆ. ಓದಲು ಬರುವುದಿಲ್ಲವಾ? ಆ ಸೌಟಿಗಾಗಿ ನಾನು ಬೆಳಿಗ್ಗೆಯಿಂದ ಕಾದೆ. ಅಮ್ಮನ ಜೊತೆ ಅದು ಹೋಗಬೇಕಿತ್ತು.”

“ಓದಿದೆ, ಲವ್,” ಎಂದ ಕಾಲಿನ್. ಯಾರ್ಕ್‌ಶೈರಿನವರು ಗುರುತಿಲ್ಲದವರನ್ನೂ ಲವ್ ಎಂದೇ ಕರೆಯುತ್ತಾರೆ, ಅದರಲ್ಲಿ ಬೇರೇನೂ ಇಲ್ಲ. “ಚೀಟಿ ನಮಗೆ. ನಾವು ಉಣ್ಣಲು ಬಂದಿಲ್ಲ. ಇದು ನಿನಗೆ.”

“ನನಗೆ?”

“ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು. ನೆರೆಯವರು ಗಂಜಿ ತರಬೇಕು. ನಿಮ್ಮ ಊರಿನಲ್ಲಿ ಹಾಗೇ ಅಲ್ಲವಾ?”

ತನ್ವಿಯ ಬೆನ್ನ ಹಿಂದೆ ಬಂದು ನಿಂತ ವಾಸಂತಿ ಸೆರಗು ಬಾಯಿಗೆ ಒತ್ತಿಕೊಂಡಳು.

“ನಿನಗೆ ಯಾರು ಹೇಳಿದರು ಇದನ್ನು?” ಎಂದು ತನ್ವಿ ಕೇಳಿದಳು.

ಕಾಲಿನ್ ಸೌಟನ್ನು ಹಂಡೆಯ ಅಂಚಿಗೆ ಒರಗಿಸಿದ. ಹಿಂದೆ ಬಸ್ ಓಡಿಸುತ್ತಿದ್ದೆ ಎಂದ. ಹೆಂಡತಿ ಮೊರೀನ್ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಮನೆಗೆ ಹೋಗಿ ಕತ್ತಲಲ್ಲಿ ಕೂತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ವಾರ್ಡಿನ ಸಿಸ್ಟರ್ ಜಯಶೀಲಾ, ರಜೆಯಲ್ಲಿದ್ದರೂ ಸುದ್ದಿ ತಿಳಿದು ಬಂದಿದ್ದಳು, ಕೈಯಲ್ಲಿ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ.

“ಒಲೆಯ ಮಾತು ಆಗ ಹೇಳಿದ್ದು. ಉಣ್ಣುವವರೆಗೂ ಎದುರಿಗೇ ಕೂತಳು. ಗಡಿಯಾರ ನೋಡುತ್ತಿದ್ದಳು. ಹೋಗಿ ಸಿಸ್ಟರ್ ಅಂದೆ. ನನ್ನ ಮಗಳು ಇವತ್ತು ಟೌನ್ ಹಾಲಿನಲ್ಲಿ ವಯಲಿನ್ ನುಡಿಸುತ್ತಿದ್ದಾಳೆ, ಆದರೂ ನೀನು ಉಂಡ ಮೇಲೇ ಹೋಗುವುದು ಅಂದಳು. ಆ ರಾತ್ರಿ ಒಬ್ಬನೇ ಬಿಟ್ಟಿದ್ದರೆ ನಾನು ಏನು ಮಾಡಿಕೊಳ್ಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ.” ಅವನು ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದ. “ನಾನು ನಿಧಾನಕ್ಕೆ ಉಂಡೆ, ಲವ್. ಒಂದು ಸಣ್ಣ ಹುಡುಗಿ ಕಾಯುತ್ತಿದ್ದಾಳೆ ಎಂದು ಆಗ ಸರಿಯಾಗಿ ಯೋಚಿಸಲಿಲ್ಲ.”

ತನ್ವಿ ಗೋಡೆಗೆ ಒರಗಿದಳು. ಖಾಲಿ ಕುರ್ಚಿ, ಅಪ್ಪನ ಕೋಟು, ಮೆಟ್ಟಿಲಿನ ಮೇಲೆ ಕ್ಯಾರಿಯರ್.

“ಅಮ್ಮ ಯಾಕೆ ಹೇಳಲಿಲ್ಲ ನನಗೆ?” ಎಂದು ಕೇಳಿದಳು. ಈ ಸಲ ಕನ್ನಡದಲ್ಲಿ, ವಾಸಂತಿಯನ್ನು.

“ಉಂಡವರ ಸುದ್ದಿ ಹೊರಗೆ ಹೇಳಬಾರದು ಅಂತ ಅವಳ ಹಟ. ನನಗೂ ಇವತ್ತೇ ಗೊತ್ತಾದದ್ದು ಮಗಾ.”

ಸಿಟ್ಟೆಲ್ಲ ಕರಗಿಹೋಯಿತು ಎಂದರೆ ಸುಳ್ಳಾಗುತ್ತದೆ. ನನಗಾದರೂ ಹೇಳಬಹುದಿತ್ತು ಎಂಬ ನೋವು ಹಾಗೇ ಇತ್ತು. ಆದರೆ ಅದರ ಪಕ್ಕದಲ್ಲೇ, ಎದೆ ಬಿರಿಯುವಷ್ಟು ದೊಡ್ಡದಾಗಿ, ಹೆಮ್ಮೆ ಬಂದು ಕೂತಿತು. ಇವಳು ನನ್ನ ಅಮ್ಮ ಎಂದು ತನ್ವಿಗೆ ಆ ಹಾಲಿಗೆಲ್ಲ ಕೇಳುವ ಹಾಗೆ ಕೂಗಬೇಕೆನಿಸಿತು. ಕೂಗುವ ಬದಲು ಜೋರಾಗಿ ಅತ್ತಳು. ಕಾಲಿನ್ ಗಾಬರಿಯಾಗಿ ಪಾತ್ರೆ ಒರೆಸುವ ಬಟ್ಟೆಯನ್ನೇ ಕೊಟ್ಟ.

“ಅಕ್ಕಿ ಎಲ್ಲಿಂದ ಬಂತು?” ವಾಸಂತಿ ಇದ್ದಕ್ಕಿದ್ದಂತೆ ಗಂಡನ ಕಡೆ ತಿರುಗಿದಳು. “ನೀವು ಕೊಟ್ಟದ್ದಾ? ಹರಿಶ್ಚಂದ್ರ ಅಂತ ಹೆಸರಿಟ್ಟುಕೊಂಡು ನನ್ನ ಹತ್ರ ಸುಳ್ಳಾ?”

“ಸುಳ್ಳು ಎಲ್ಲಿ ಹೇಳಿದೆ? ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಕಾಲಿನ್ ಅಂಗಡಿಗೆ ಬಂದು ಕೆಂಪಕ್ಕಿ ಬೇಕು ಅಂದ. ಮೂಟೆ ಕಾರಿಗೆ ಹಾಕಿದೆ.”

ವಾಸಂತಿ ಬೆರಳಿನಿಂದ ಗಂಜಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು. “ಉಪ್ಪಿಲ್ಲ,” ಎಂದು ಹಿಡಿ ಉಪ್ಪು ಹಾಕಿದಳು.

ಅಂದು ಹಾಲ್ ತುಂಬಿ, ಮೆಟ್ಟಿಲು ತುಂಬಿ, ಚರ್ಚಿನ ಬೆಂಚುಗಳ ಮೇಲೂ ಜನ ಬಟ್ಟಲು ಹಿಡಿದು ಕೂತರು. ಪಾಸ್ಟರ್ ಇಲ್ಜೆ ಉಪ್ಪಿನಕಾಯಿ ನೆಕ್ಕಿ ಕೆಮ್ಮಿದಳು. ಲಾಟ್ವಿಯಾದ ಅಜ್ಜಿಯರು ಎರಡನೇ ಸಲ ಹಾಕಿಸಿಕೊಂಡರು. ಕಾಲಿನ್ ಮೊದಲ ಸೌಟನ್ನು ತನ್ವಿಯ ಬಟ್ಟಲಿಗೆ ಬಡಿಸಿದ್ದ. ಆ ಹಾಲಿನಲ್ಲಿ ಹನ್ನೊಂದನೇ ವಯಸ್ಸಿನಿಂದ ಅವಳು ಉಂಡಿರಲಿಲ್ಲ. ಬಿಸಿ ಗಂಜಿ ಗಂಟಲಲ್ಲಿ ಇಳಿದಂತೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ನೆನಪಾಯಿತು. ಬಟ್ಟಲು ಖಾಲಿ ಮಾಡಿದಳು.

ಪಾತ್ರೆಗಳೆಲ್ಲ ತೊಳೆದಾದ ಮೇಲೆ ಕಾಲಿನ್ ಸೌಟನ್ನು ಒರೆಸಿ ಅವಳ ಮುಂದೆ ಹಿಡಿದ.

“ಈಗ ಇಟ್ಟುಕೊಂಡು ಏನು ಮಾಡಲಿ?” ಎಂದಳು ತನ್ವಿ. “ಅಮ್ಮನನ್ನು ಮಣ್ಣು ಮಾಡಿ ಆಯಿತು.”

“ಇಟ್ಟುಕೊಳ್ಳಲು ಅಲ್ಲ. ನೀನು ಉಂಡೆಯಲ್ಲ.”

“ಕಾಲಿನ್, ನನ್ನ ಮನೆ ಇಲ್ಲಿಲ್ಲ. ಇವತ್ತು ಸಂಜೆಯ ರೈಲಿಗೆ ಹೋಗುತ್ತೇನೆ. ಇನ್ನು ಲೀಡ್ಸಿಗೆ ಬರುವ ಕೆಲಸವೇ ನನಗಿಲ್ಲ.”

ಆಗ ವಾಸಂತಿ ನಕ್ಕಳು. ಅಳುತ್ತಲೇ ನಕ್ಕಳು. “ಈಗ ತಿಳೀತು ನನಗೆ! ಸೌಟು ನನಗೆ ಯಾಕೆ ಕೊಡಲಿಲ್ಲ ಅಂತ. ನಾನು ಹೇಗೂ ಬರ್ತಿದ್ದೆ. ತಿರುಗಿ ಬರುವುದಿಲ್ಲ ಅಂತ ಯಾರ ಮೇಲೆ ಅವಳಿಗೆ ಹೆದರಿಕೆ ಇತ್ತೋ, ಅವರಿಗೇ ಕೊಡ್ತಾ ಇದ್ದದ್ದು. ತಗೋ ಮಗಾ. ನಿನ್ನಷ್ಟು ಅದು ಬೇಕಾದವರು ಇಲ್ಲಿ ಬೇರೆ ಯಾರೂ ಇಲ್ಲ.”

ತನ್ವಿ ಸೌಟನ್ನು ನೋಡಿದಳು. ಗೆರಟೆಯ ಒಳಮೈ ಎಷ್ಟೋ ಗುರುವಾರಗಳಿಂದ ಸವೆದು ಹೊಳೆಯುತ್ತಿತ್ತು. ಅಮ್ಮನ ಕೈ ಹಿಡಿಯುತ್ತಿದ್ದ ಕಡೆ ಬಿದಿರು ಕಪ್ಪಾಗಿತ್ತು. ಅಲ್ಲೇ ಕೈಯಿಟ್ಟು ತೆಗೆದುಕೊಂಡಳು.

“ಕಮಿಟಿ ತೀರ್ಮಾನ ಮಾಡಿದೆಯಲ್ಲ...” ಎಂದ ಹಿರಿಯನೊಬ್ಬ ಮೆಲ್ಲಗೆ.

“ಸೌಟು ಹೊರಗೆ ಹೋಗಿದೆ,” ಎಂದ ಕಾಲಿನ್. “ಅದು ವಾಪಸ್ ಬರುವವರೆಗೆ ಮುಚ್ಚುವುದು ಹೇಗೆ?”

ಪಾಸ್ಟರ್ ಇಲ್ಜೆ ಎದ್ದು ಹೋಗಿ, ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು.

*

ಲೀಡ್ಸ್ ಸ್ಟೇಷನ್ನಿನಲ್ಲಿ ಸಂಜೆಯ ಜನಜಂಗುಳಿ. ಕೆಲಸ ಬಿಟ್ಟು ಮನೆಗೆ ಹೊರಟವರೆಲ್ಲ ಗೇಟುಗಳ ಮುಂದೆ ನೂಕಾಡುತ್ತಿದ್ದರು. ತನ್ವಿ ಲ್ಯಾಪ್‌ಟಾಪಿನ ಚೀಲವನ್ನು ಬೆನ್ನಿಗೆ ಹಾಕಿ, ಸೌಟನ್ನು ಅದರಲ್ಲಿ ಸಿಕ್ಕಿಸಿಕೊಂಡಿದ್ದಳು. ಸೌಟು ಉದ್ದವಾಯಿತು. ಟಿಕೆಟ್ ಹಾಕಿ ಮುಂದೆ ಕಾಲಿಟ್ಟಾಗ ಗೇಟಿನ ರೆಕ್ಕೆಗಳು ಹಿಡಿಯನ್ನು ಕಚ್ಚಿಕೊಂಡವು. ಹಿಂದಿನವರು ಉಸ್ಸೆಂದರು. ಅವಳು ಎಳೆದಳು, ಕೀಲಿ ಟಣಟಣ ಎಂದಿತು.

“ನಿಲ್ಲು, ನಿಲ್ಲು. ಮುರಿದೀಯ!”

ಸಮವಸ್ತ್ರದ ದಪ್ಪನೆಯ ಹೆಂಗಸು ಓಡಿಬಂದಳು. ಅವಳ ಬೂಟಿನ ಅಂಚಿನಲ್ಲಿ ಬೆಳಗಿನ ಸ್ಮಶಾನದ ಮಣ್ಣು ಇನ್ನೂ ಅಂಟಿತ್ತು. ಅವಳು ಮೊದಲು ನೋಡಿದ್ದು ಸೌಟನ್ನು, ಆಮೇಲೆ ತನ್ವಿಯ ಮುಖವನ್ನು.

“ಈ ವಾರ ನಿನ್ನದಾ?” ಎಂದಳು.

“ನನ್ನದು,” ಎಂದಳು ತನ್ವಿ. “ಬರುವ ಗುರುವಾರ.”

ಹೆಂಗಸು ಹಿಡಿಯನ್ನು ಗೇಟಿನಿಂದ ಮೆಲ್ಲನೆ ಬಿಡಿಸಿ, ಬಿರುಕು ಬಿಟ್ಟಿಲ್ಲವೆಂದು ಬೆರಳಾಡಿಸಿ ನೋಡಿ, ಅವಳ ಕೈಗೆ ಕೊಟ್ಟಳು. ಆಮೇಲೆ ಪಕ್ಕಕ್ಕೆ ಹೋಗಿ, ಗಾಲಿಕುರ್ಚಿಗಳಿಗೆಂದು ಇರುವ ಅಗಲದ ಗೇಟನ್ನು ಪೂರ್ತಿ ತೆರೆದು ಹಿಡಿದಳು.

ತನ್ವಿ ಸೌಟನ್ನು ಯಾರಿಗೂ ತಾಗದಂತೆ ಎರಡೂ ಕೈಯಲ್ಲಿ ನೆಟ್ಟಗೆ ಎತ್ತಿ ಹಿಡಿದು ಒಳಗೆ ನಡೆದಳು. ಎದುರಿನಿಂದ ಬರುತ್ತಿದ್ದ ಜನ ಏನೆಂದು ತಿಳಿಯದೆಯೇ ಎರಡೂ ಬದಿಗೆ ಸರಿದು ದಾರಿ ಬಿಟ್ಟರು.